ಬಡಿದು ಹರಡಿದ ಆಕಾಶ

ಬೆಂಗಳೂರಿನ ನಗರ್ತಪೇಟೆಯ ಓಣಿಯೊಂದರಲ್ಲಿ ನಮ್ಮ ಮನೆಗೆ ಒಡವೆ ಮಾಡಿಕೊಡುತ್ತಿದ್ದ ಅಕ್ಕಸಾಲಿಗರು ಚಿನ್ನದ ಸಣ್ಣ ಗಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುವುದನ್ನು ಚಿಕ್ಕಂದಿನಲ್ಲಿ ಕಣ್ಣು ಕೀಳದೆ ನೋಡುತ್ತಾ ಕುಳಿತಿರುತ್ತಿದ್ದೆ. ನಡುನಡುವೆ ಕೆಂಪಗೆ ಕಾಯಿಸಿ, ಆರಿಸಿ, ಮತ್ತೆ ಬಡಿದಂತೆಲ್ಲ ಅದು ಅಂಚಿನ ಕಡೆಗೆ ಕೂದಲೆಳೆಯಷ್ಟು ಸರಿಯುತ್ತಾ, ಕೊನೆಗೆ ವೀಳ್ಯದೆಲೆಯಂತೆ ತೆಳ್ಳಗಿನ ತಗಡಾಗುತ್ತಿತ್ತು. ಹೀಬ್ರೂ ಬೈಬಲಿನ ಮೊದಲ ಅಧ್ಯಾಯದಲ್ಲಿ ಆಕಾಶಕ್ಕೆ ಬಳಸಿರುವ ‘ರಾಕೀಅ’ ಎಂಬ ಪದದ ಮೂಲವನ್ನು ತಿಳಿದ ದಿನ ನನಗೆ ನೆನಪಾದದ್ದು ಆ ಅಡಿಗಲ್ಲು.

ಆ ಪದದ ಧಾತುವಿಗೆ ತುಳಿಯುವುದು, ಬಡಿದು ಹರಡುವುದು ಎಂಬ ಅರ್ಥಗಳಿವೆ. ವಿಮೋಚನಕಾಂಡದ 39ನೆಯ ಅಧ್ಯಾಯದಲ್ಲಿ ಮಹಾಯಾಜಕನ ಉಡುಪಿಗಾಗಿ ಚಿನ್ನವನ್ನು ತಗಡಾಗಿ ಬಡಿದು, ಕತ್ತರಿಸಿ ಎಳೆ ತೆಗೆದರೆಂದು ಹೇಳುವಾಗಲೂ ಬರುವುದು ಇದೇ ಧಾತು. ಯೋಬನ ಗ್ರಂಥವಂತೂ ಆಕಾಶವನ್ನು ಎರಕ ಹೊಯ್ದ ಕನ್ನಡಿಯಂತೆ ಗಟ್ಟಿಯಾದದ್ದು ಎನ್ನುತ್ತದೆ. ಆ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪು ಕೊಟ್ಟ ಕಂಚಿನದು. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಜೀವಿಗಳ ತಲೆಯ ಮೇಲೆ ಹರಡಿರುವ ರಾಕೀಅ ಹಿಮಗಡ್ಡೆಯಂತೆ ಥಳಥಳಿಸುತ್ತದೆ.

ಈ ಚಾವಣಿಗೆ ಒಂದು ಕೆಲಸವೂ ಇತ್ತು. ಆದಿಕಾಂಡದಲ್ಲಿ ಅದು ಮೇಲಿನ ನೀರನ್ನು ಕೆಳಗಿನ ನೀರಿನಿಂದ ಬೇರ್ಪಡಿಸುತ್ತದೆ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ದೇವರು ಅದರಲ್ಲಿ ಇಡುತ್ತಾನೆ. ಹಕ್ಕಿಗಳು ಅದರ ಮುಖದ ಮೇಲೆ ಹಾರುತ್ತವೆ. ನೋಹನ ಕಾಲದ ಜಲಪ್ರಳಯದಲ್ಲಿ ಆಕಾಶದ ಕಿಂಡಿಗಳು ತೆರೆದುಕೊಂಡವೆಂಬ ಮಾತನ್ನು ಓದಿದಾಗಲೆಲ್ಲ, ಕೆರೆಗಳ ಊರಿನವನಾದ ನನ್ನ ಕಣ್ಣಿಗೆ ಕಟ್ಟುವುದು ಕೆರೆಯ ತೂಬು. ಬ್ಯಾಬಿಲೋನಿನವರ ಸೃಷ್ಟಿಕಥೆಯಲ್ಲಿಯೂ ಮರ್ದುಕನೆಂಬ ದೇವನು ಆದಿಸಮುದ್ರದ ದೇವತೆ ತಿಯಾಮತಳ ದೇಹವನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಆಕಾಶವಾಗಿ ನಿಲ್ಲಿಸಿ, ಅವಳ ನೀರು ಹೊರಬಾರದಂತೆ ಕಾವಲಿಡುತ್ತಾನೆ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಮೇಲೆ ನೀರಿನಂಥ ನೀಲಿಯಿದೆ, ಅಲ್ಲಿಂದಲೇ ಮಳೆ ಬೀಳುತ್ತದೆ, ಆದರೂ ಅದೆಲ್ಲ ಒಮ್ಮೆಗೇ ಸುರಿಯದು ಎಂಬುದನ್ನು ಕಂಡವರು ನಡುವೆ ಗಟ್ಟಿಯಾದದ್ದೊಂದಿದೆ ಎಂದುಕೊಂಡದ್ದು ಕಂಡದ್ದನ್ನೇ ಆಧರಿಸಿದ ತರ್ಕ. 1989ರಲ್ಲಿ ಆರಂಭವಾದ ನಮ್ಮ ನೆಹರು ತಾರಾಲಯದಲ್ಲಿ ದೀಪಗಳಾರಿ ಗುಮ್ಮಟದ ಒಳಮೈಯಲ್ಲಿ ನಕ್ಷತ್ರಗಳು ಮೂಡಿದಾಗ, ಅದು ಕಟ್ಟಡದ ಚಾವಣಿಯೆಂದು ತಿಳಿದಿದ್ದರೂ ಕಣ್ಣು ಅದನ್ನು ಆಕಾಶವೆಂದೇ ನಂಬುತ್ತದೆ. ಹಾಗೆಯೇ, ರಾಕೀಅ ಎಂದರೆ ವಾತಾವರಣವೆಂದು ಹೇಳಿ ಆ ಪ್ರಾಚೀನರ ಬಾಯಲ್ಲಿ ಇಂದಿನ ವಿಜ್ಞಾನವನ್ನು ತುರುಕುವುದೂ ಅವರಿಗೆ ಮಾಡುವ ಅನ್ಯಾಯವೇ. ಪ್ರವಾದಿ ಯೆಶಾಯನು ಆಕಾಶವನ್ನು ಡೇರೆಯಂತೆ ಬಿಚ್ಚಿ ಹರಡಿದ್ದೆಂದು ಹಾಡಿದ್ದಾನೆ, ನಿಜ. ಆದರೆ ಡೇರೆಯೂ ತಲೆಯ ಮೇಲಿನ ಸೂರೇ ಹೊರತು ಬರಿಯ ಬಯಲಲ್ಲ.

ಗ್ರೀಕ್ ಅನುವಾದಕರು ಇದಕ್ಕೆ ‘ಗಟ್ಟಿಯಾದದ್ದು’ ಎಂಬ ಅರ್ಥದ ‘ಸ್ಟೆರಿಯೋಮ’ ಪದವನ್ನು ಆರಿಸಿದರು. ಲ್ಯಾಟಿನ್ನಿನಲ್ಲಿ ಅದು ‘ಫರ್ಮಮೆಂಟಮ್’ ಆಯಿತು. ಕನ್ನಡದ ಹಳೆಯ ಬೈಬಲಿನಲ್ಲಿರುವುದು ‘ವಿಸ್ತಾರವಾದ ಗುಮಟ’. ಬರಿಯ ವಿಸ್ತಾರವೆಂದಿದ್ದರೆ ಮೇಲಿನ ನೀರನ್ನು ತಡೆದು ನಿಲ್ಲಿಸಿದ್ದು ಯಾವುದೆಂದು ಓದುಗನು ಕೇಳಬೇಕಾಗುತ್ತಿತ್ತು. ಗುಮಟವೆಂದಾಗ ಆ ಪ್ರಶ್ನೆಯೇ ಏಳುವುದಿಲ್ಲ.