ಕರಿ ಒಂದರ ದ್ರೌಪದಿ

“ಮಾಸ್ತರ್ರೆ, ಭೀಮ ಎಷ್ಟರಾಗ ಹಾಡ್ತಾನ?”

“ಕರಿ ಒಂದು, ಯಕ್ಕಾ. ರಾತ್ರಿ ಎರಡು ಹೊಡದ ಮ್ಯಾಲೆ ತಾನ ಅರ್ಧ ಮನಿ ಇಳೀತಾನ.”

“ಧರ್ಮರಾಯ?”

“ಅವರು ಎಲ್ಲಿ ಹಿಡದರ ಅಲ್ಲಿ.”

“ದುರ್ಯೋಧನ?”

“ಅವಂದು ಬರೇ ಮಾತು. ಪುಣ್ಯಾ.”

ಸಿರುಗುಪ್ಪ ತಾಲ್ಲೂಕಿನಲ್ಲಿ ಕಾಲುವೆ ಬದಿಯ ಒಂದು ಊರು, ಅಲ್ಲಿನ ಸರಕಾರಿ ಶಾಲೆ, ಗೋಡೆಗೆ ಮಗ್ಗಿ ಬರೆದ ಕೋಣೆ. ಚಾಪೆಯ ಮೇಲೆ ಕುಳಿತು ಚೌರಿ ಕಟ್ಟಿಕೊಳ್ಳುತ್ತಿದ್ದ ಐವತ್ತರ ಆಸುಪಾಸಿನ ಕಲಾವಿದೆ ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಯಿಂದ ಬಂದಿದ್ದರು. ಆ ರಾತ್ರಿ ಅವರದು ದ್ರೌಪದಿ. ಪ್ರವಾಸ ಹೊರಟದ್ದು ಹಂಪಿಗೆಂದು. ಹಂಪಿಗೆ ಎರಡು ದಿನ ಹೋದವು, ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಇಲ್ಲಿ ಬರೆಯುತ್ತಿರುವುದು ಮೂರನೆಯ ರಾತ್ರಿಯೊಂದನ್ನೇ.

ಈ ಸೀಮೆಯಲ್ಲಿ ಊರಿನ ನಾಟಕವೆಂದರೆ ಹೀಗೆ. ಗಂಡುಪಾತ್ರಗಳೆಲ್ಲ ಊರವರವು. ಎರಡು ಮೂರು ತಿಂಗಳು ರಾತ್ರಿ ಹೊತ್ತು ಗುಡಿಯ ಕಟ್ಟೆಯ ಮೇಲೆ ತಾಲೀಮು ನಡೆಯುತ್ತದೆ. ಮಾತು, ಹಾಡು, ಹೆಜ್ಜೆ, ಗದೆ ಹಿಡಿಯುವ ಬಗೆ ಎಲ್ಲವನ್ನೂ ಕಲಿಸುವವರು ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರೇ. ಹೆಣ್ಣುಪಾತ್ರಕ್ಕೆ ಮಾತ್ರ ಕಲಾವಿದೆಯರನ್ನು ಸಂಚಕಾರ (ಮುಂಗಡ) ಕೊಟ್ಟು ಗೊತ್ತುಮಾಡುತ್ತಾರೆ. ಅವರು ಬರುವುದು ನಾಟಕದ ದಿನ, ಹೆಚ್ಚೆಂದರೆ ಅದರ ಹಿಂದಿನ ರಾತ್ರಿ. ಮೂರು ತಿಂಗಳು ಕಲಿತವರ ನಡುವೆ ಮೂರು ತಾಸಿನಲ್ಲಿ ಹೊಂದಿಕೊಳ್ಳುವ ಕೆಲಸ ಅವರದು. ಪಾತ್ರ ಬಾಯಿಪಾಠವಿರುವುದು ದೊಡ್ಡ ಮಾತಲ್ಲ. ಅದೇ ದ್ರೌಪದಿಯನ್ನು ಊರೂರಲ್ಲಿ ಮಾಡಿದವರಿಗೆ ನಿದ್ದೆಯಲ್ಲಿ ಎಬ್ಬಿಸಿದರೂ ಮಾತು ಬರುತ್ತದೆ. ಕಷ್ಟವಿರುವುದು ಪಟ್ಟಿಯಲ್ಲಿ.

ಪಟ್ಟಿ ಎಂದರೆ ಪೇಟಿಯ ಯಾವ ಮನೆಯನ್ನು, ಎಂದರೆ ಕೀಲಿಯನ್ನು, ಷಡ್ಜವಾಗಿ (ಸ) ಹಿಡಿಯಬೇಕು ಎಂಬುದು. ಕರಿ ಮನೆಗಳಿಗೂ ಬಿಳಿ ಮನೆಗಳಿಗೂ ಬೇರೆ ಬೇರೆ ಎಣಿಕೆ, ಕರಿ ಒಂದು ಎಂದರೆ ಮೊದಲ ಕರಿ ಮನೆ. ಗಂಡಸರ ಕಂಠಕ್ಕೆ ಕರಿ ಒಂದು ಒಗ್ಗುತ್ತದೆ. ಹೆಣ್ಣುಮಕ್ಕಳ ಕಂಠ ಸಾಮಾನ್ಯವಾಗಿ ಕರಿ ನಾಲ್ಕು, ಕರಿ ಐದರ ಕಡೆ ನಿಲ್ಲುತ್ತದೆ. ಒಬ್ಬರೇ ಹಾಡುವಾಗ ತೊಂದರೆಯಿಲ್ಲ, ಅವರವರ ಪಟ್ಟಿ ಅವರಿಗೆ. ಯುಗಳಗೀತೆ ಬಂದಾಗಲೇ ಜಗಳ. ಕರಿ ನಾಲ್ಕರಲ್ಲಿ ಹಿಡಿದರೆ ಭೀಮ ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ಕೊರಳ ನರ ಉಬ್ಬುತ್ತವೆ, ಕೆಳಗೆ ಹಾಡಿದರೆ ಗದೆ ಹಿಡಿದವನ ದನಿ ಗೊಣಗಿದಂತೆ ಕೇಳುತ್ತದೆ. ಕರಿ ಒಂದರಲ್ಲಿ ಹಿಡಿದರೆ ಕಲಾವಿದೆ ಅವನಿಗಿಂತ ಒಂದು ಸಪ್ತಕ ಮೇಲೆ ಹಾಡಬೇಕು. ಪಲ್ಲವಿ ಹಗುರ, ಆದರೆ ತಾರ (ಮೇಲಿನ) ಷಡ್ಜವನ್ನೂ ದಾಟಿ ಗಾಂಧಾರ ಸ್ವರಕ್ಕೆ ಹೋಗುವಾಗ ದಾರಿ ಇಕ್ಕಟ್ಟು. ಬಲವಂತ ಮಾಡಿದರೆ ದನಿ ಕಿರುಚುತ್ತದೆ.

ಬಿಳಿ ನಾಲ್ಕಕ್ಕೆ ತಂದು ಇಬ್ಬರಿಗೂ ಅಷ್ಟಷ್ಟು ಕಷ್ಟ ಹಂಚಿದರೆ ನ್ಯಾಯವಾಯಿತು ಎಂದು ಹೊರಗಿನವರಿಗೆ ತೋರುತ್ತದೆ. ಹಾಗೆ ಮಾಡುವುದಿಲ್ಲ. ಮೂರು ತಿಂಗಳು ಕರಿ ಒಂದರಲ್ಲಿ ಕೂಗಿ ಕೂಗಿ ಗಟ್ಟಿಮಾಡಿಕೊಂಡವನಿಗೆ ನಾಟಕದ ದಿನ ಪಟ್ಟಿ ಬದಲಿಸಿದರೆ ಸಾಲೇ ಮರೆತುಹೋಗುತ್ತದೆ. ಆದ್ದರಿಂದ ಕಲಾವಿದೆಯೇ ಬಗ್ಗುತ್ತಾರೆ. ಚಾಪೆಯ ಮೇಲೆ ಆ ಸಂಜೆ ನಡೆದದ್ದು ಅದೇ: ಯಾವ ಸಾಲು ಭೀಮನಿಗೆ, ಯಾವುದು ದ್ರೌಪದಿಗೆ ಎಂದು ಹೊಸದಾಗಿ ಹಂಚಿಕೆ. ಗಾಂಧಾರ ಮುಟ್ಟುವ ಸಾಲು ಬಂದಾಗ ಹಾಡದೆ ಅಳುವುದು. ಆ ಹೊತ್ತಿಗೆ ಸಾಲನ್ನು ಪೇಟಿಯೇ ನುಡಿಸಿಬಿಡುತ್ತದೆ. “ಜನಾ ಅಳೂದು ನೋಡ್ತಾರ, ಸ್ವರಾ ನೋಡೂದಿಲ್ಲ” ಎಂದು ಮಾಸ್ತರರು ನಕ್ಕರು. ಕಲಾವಿದೆ ನಗಲಿಲ್ಲ. “ನೋಡೋರು ನಾಕು ಮಂದಿ ಇರ್ತಾರ್ರಿ. ಅವರು ಮುಂದ ಕುಂದ್ರೂದಿಲ್ಲ, ಹಿಂದ ಗಿಡದ ಬುಡಕ ಕುಂತಿರ್ತಾರ.”

ಪೇಟಿ ಎಂಬ ಹೆಸರು ಉಳಿದಿದೆ, ಪೇಟಿ ಉಳಿದಿಲ್ಲ. ಹಳೆಯ ಕಂಪನಿಗಳಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇತ್ತು. ಗಾಳಿಯ ಕೆಲಸ ಕಾಲಿಗೆ ಬಿಟ್ಟು ಎರಡೂ ಕೈ ನುಡಿಸಲು ಸಿಗುತ್ತಿದ್ದರಿಂದ ನಾದ ತುಂಬಿಕೊಂಡಿರುತ್ತಿತ್ತು, ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಹೋಗುತ್ತಿತ್ತು. ಈಗ ಊರಿನ ನಾಟಕಗಳಲ್ಲಿ ಕ್ಯಾಸಿಯೊ ಎಂಬ ವಿದ್ಯುತ್ ಕೀಬೋರ್ಡು ಮತ್ತು ರಿದಂ ಪ್ಯಾಡು. ಸಾಗಿಸಲು ಹಗುರ, ಪಟ್ಟಿ ಬದಲಿಸಲು ಒಂದು ಗುಂಡಿ ಸಾಕು. ಆ ಗುಂಡಿಯೇ ಆ ರಾತ್ರಿ ಕೆಡಿಸಿತು. ಒಂದು ಸಲ ಒತ್ತಿದರೆ ಅರ್ಧ ಸ್ವರ ಏರುತ್ತದೆ. ಮೈಕ್ ಪರೀಕ್ಷೆಯ ವೇಳೆ ಯಾರೋ ಹುಡುಗ ಮೂರು ಸಲ ಒತ್ತಿ ಬಿಟ್ಟಿದ್ದ. ಮಾಸ್ತರರ ಬೆರಳು ಕರಿ ಒಂದರ ಮೇಲೆ, ಹೊರಟ ನಾದ ಬಿಳಿ ಮೂರರದು. ನಾಂದಿ ಹಾಡು ಶುರುವಾದಾಗ ಸಾಲಾಗಿ ನಿಂತಿದ್ದ ಪಾಂಡವರು, ಕೌರವರು ಒಟ್ಟಿಗೆ ದನಿ ಕಳೆದುಕೊಂಡರು. ಕಲಾವಿದೆ ಮಾತ್ರ ನಿಲ್ಲಿಸದೆ ಹಾಡುತ್ತಲೇ, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮೂರು ಬೆರಳು ಕೆಳಗೆ ತೋರಿಸಿದರು. ಮಾಸ್ತರರು ಎರಡನೆಯ ಸಾಲಿಗೆ ಇಳಿಸಿಕೊಂಡರು. ಕ್ಯಾಸಿಯೊ ಇಟ್ಟುಕೊಂಡವರು ತೆರೆ ಏಳುವ ಮುನ್ನ ಆ ಗುಂಡಿಯ ಅಂಕಿ ಸೊನ್ನೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಅಷ್ಟೇ ಕೆಲಸ, ಅದನ್ನೂ ಮರೆಯುತ್ತಾರೆ.

ಮೈಕುಗಳು ಮೇಲಿನಿಂದ ತೂಗುತ್ತವೆ, ವೇದಿಕೆಯ ಮುಂಭಾಗದಲ್ಲಿ ಅಡ್ಡಕ್ಕೆ ಮೂರೋ ಐದೋ. ಹೊಸಬರು ಎದುರಿನ ಪಾತ್ರದ ಕಡೆ ತಿರುಗಿ ಮಾತಾಡುತ್ತಾರೆ, ದನಿ ಪರದೆಗೆ ಹೋಗುತ್ತದೆ. ಈ ಕಲಾವಿದೆ ಮೈ ಭೀಮನ ಕಡೆಗೆ, ಮುಖ ಮೈಕಿನ ಕಡೆಗೆ ಇಟ್ಟುಕೊಂಡೇ ಐದು ತಾಸು ಕಳೆದರು. ಒಂದು ಮೈಕಿನಿಂದ ಇನ್ನೊಂದಕ್ಕೆ ಹೋಗುವುದು ಸಾಲಿನ ಕೊನೆಯಲ್ಲಿ, ಉಸಿರು ತೆಗೆದುಕೊಳ್ಳುವಾಗ. ಪದದ ನಡುವೆ ಹೆಜ್ಜೆ ಕಿತ್ತರೆ ಅರ್ಧ ಪದ ಜನರಿಗೆ ಕೇಳುವುದೇ ಇಲ್ಲ. ಇದನ್ನು ಯಾವ ಮಾಸ್ತರರೂ ಕಲಿಸುವುದಿಲ್ಲ.

ನೋಡಲು ಹೋಗುವವರಿಗೆ ಒಂದು ಮಾತು. ಪೋಸ್ಟರಿನಲ್ಲಿ “ರಾತ್ರಿ 9:30ಕ್ಕೆ ಸರಿಯಾಗಿ” ಎಂದಿರುತ್ತದೆ. ಆ “ಸರಿಯಾಗಿ”ಯನ್ನು ನಂಬಬೇಡಿ. ಮುಖಂಡರ ಸನ್ಮಾನ, ಹಾರ, ಶಾಲು, ಭಾಷಣ ಮುಗಿದು ನಾಂದಿ ಶುರುವಾದಾಗ 11:40. ನಡುನಡುವೆ ಆಯಾರ. ನಂಟರು ವೇದಿಕೆ ಏರಿ ಪಾತ್ರಧಾರಿಗೆ ಟವಲ್ಲು ಹೊದಿಸುತ್ತಾರೆ, ಅಂಗಿಗೆ ನೋಟು ಚುಚ್ಚುತ್ತಾರೆ, ಮೈಕಿನಲ್ಲಿ ಹೆಸರು ಓದಿಸುತ್ತಾರೆ. ಕೀಚಕ ಕೈ ಹಿಡಿದೆಳೆಯುತ್ತಿದ್ದಾಗಲೇ ಅವನ ಸೋದರಮಾವ ಬಂದು ಬೆಳ್ಳಿಯ ಉಂಗುರ ತೊಡಿಸಿ ಹೋದರು. ದ್ರೌಪದಿ ಅಷ್ಟು ಹೊತ್ತೂ ಎಳೆಸಿಕೊಂಡ ಭಂಗಿಯಲ್ಲೇ ನಿಂತಿದ್ದರು. ಇದಕ್ಕೆ ಸಿಟ್ಟಾಗುವವರು ನಗರದ ರಂಗಮಂದಿರಕ್ಕೇ ಹೋಗಲಿ. ಆದರೆ ಹೊದಿಯಲು ಒಂದು ಚಾದರ, ಕುಡಿಯುವ ನೀರು ಇಟ್ಟುಕೊಳ್ಳಿ, ಸ್ಪೀಕರ್ ಗೋಪುರದಿಂದ ದೂರ ಕುಳಿತುಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ ಕೋಣೆ ಹಿಡಿಯುವುದಾದರೆ ಬೆಳಗಿನ ಜಾವ ಬಾಗಿಲು ತೆಗೆಯುವವರ ಫೋನ್ ನಂಬರನ್ನು ಮೊದಲೇ ಪಡೆಯಿರಿ. ಷಟರ್ ಎಳೆದು ಮಲಗಿದ ಲಾಡ್ಜಿನ ಮುಂದೆ ಸೊಳ್ಳೆ ಹೊಡೆಯುತ್ತ ಬೆಳಗಾಗಿಸುವುದಕ್ಕೆ ಬಾಡಿಗೆ ಕೊಡಬೇಕಾಗಿಲ್ಲ.

ಈ ಸೀಮೆಯ ಹಾಡುಗಾರಿಕೆಯಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಪದ್ಯ. ತಾಳವಿಲ್ಲದೆ, ತಬಲಾ ನಿಲ್ಲಿಸಿ, ಒಂದೊಂದು ಪಾದವನ್ನೂ ರಾಗದಲ್ಲಿ ಎಳೆದು ಕೊನೆಯಲ್ಲಿ ಆಲಾಪ ಬಿಡುವುದು. ಹುಬ್ಬಳ್ಳಿ, ಬೆಳಗಾವಿ ಕಡೆಯ ರಂಗಗೀತೆಗೆ ಮರಾಠಿ ನಾಟ್ಯಸಂಗೀತದ ನಂಟು. ಬಳ್ಳಾರಿಗೆ ಆ ನಂಟಿನ ಜತೆಗೆ ತೆಲುಗು ಪದ್ಯನಾಟಕದ್ದೂ ಇದೆ. 1953ರ ಅಕ್ಟೋಬರ್ 1ರವರೆಗೆ ಈ ಊರು ಮದ್ರಾಸ್ ಆಡಳಿತದಲ್ಲೇ ಇತ್ತಲ್ಲ. ಧರ್ಮಾವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಇಲ್ಲೇ ನಾಟಕ ಸಭೆಗಳನ್ನು ಕಟ್ಟಿದವರು. ಅವರ ನಂತರದ ಬಳ್ಳಾರಿ ರಾಘವರು (1880–1946) ಕನ್ನಡ, ತೆಲುಗು ಎರಡೂ ಭಾಷೆಗಳಲ್ಲಿ ಬಣ್ಣ ಹಚ್ಚಿದರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಪಟ್ಟು ಹಿಡಿದವರೂ ಅವರೇ. ಗಂಡಸರು ಸೀರೆಯುಟ್ಟು ಹೆಸರು ಮಾಡುತ್ತಿದ್ದ ಕಾಲದ ಮಾತದು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ನೋಡಿ, ಹೊರಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದು ಬರಬಹುದು. ಅಲ್ಲಿನ ಮೆಣಸಿನಕಾಯಿಯ ಹೊಟ್ಟೆಗೆ ಏನೂ ತುಂಬದಿದ್ದರೇ ಚೆನ್ನ.

ಆ ನೆಲದಲ್ಲಿ ಹಾಡಿ ಬಾಳಿದವರು ಸುಭದ್ರಮ್ಮ ಮನ್ಸೂರು. 2020ರ ಜುಲೈನಲ್ಲಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಬಳ್ಳಾರಿಯಲ್ಲೇ ತೀರಿಕೊಂಡರು. ನಟಿ ಬೇರೆ, ಗಾಯಕಿ ಬೇರೆ ಎಂಬ ಭೇದ ಇಲ್ಲದ ಪೀಳಿಗೆ ಅವರದು. ಹಿನ್ನೆಲೆಯಲ್ಲಿ ಇನ್ನೊಬ್ಬರು ಹಾಡಿ, ಮುಂದೆ ಒಬ್ಬರು ತುಟಿ ಆಡಿಸುವುದು ಇಲ್ಲಿ ನಡೆಯದು. ಶಾಲೆಯ ಕೋಣೆಯಲ್ಲಿ ಅವರ ಹೆಸರೆತ್ತಿದಾಗ ಕಲಾವಿದೆ ಎರಡೂ ಕೆನ್ನೆ ಮುಟ್ಟಿಕೊಂಡರು.

ಮಾತು ಮುಂದುವರಿದದ್ದು ಬೆಳಿಗ್ಗೆ, ಬಣ್ಣ ತೆಗೆಯುವಾಗ. ಬಣ್ಣ ತೆಗೆಯಲು ಮೊದಲಿಗೇ ಸೋಪು ಮುಟ್ಟಿಸಬಾರದು. ಕೊಬ್ಬರಿಎಣ್ಣೆ ಸವರಿ, ಹಳೆಯ ಹತ್ತಿ ಬಟ್ಟೆಯಿಂದ ಕತ್ತಿನಿಂದ ಮೇಲಕ್ಕೆ ಒರೆಸಿ, ಆಮೇಲೆ ನೀರು. ಅವಸರ ಮಾಡಿದರೆ ರಂಧ್ರಗಳಲ್ಲಿ ಬಣ್ಣ ಉಳಿದು ಮರುದಿನ ಮುಖ ಕೆಂಪಾಗುತ್ತದೆ, ಅದರ ಮೇಲೇ ಮತ್ತೆ ಬಣ್ಣ. ಕಲಾವಿದೆ ಮಾಡುತ್ತ ಬಂದದ್ದು ಬಾಲಪಾತ್ರ, ಆಮೇಲೆ ಸಖಿ, ಆಮೇಲೆ ನಾಯಕಿ, ಈಗ ದ್ರೌಪದಿ, ಕುಂತಿ. “ಇನ್ನ ಗಾಂಧಾರಿ ಒಂದ ಉಳದೈತಿ. ಕಣ್ಣಿಗೆ ಬಟ್ಟಿ ಕಟ್ಟಿಕೊಂಡ್ರ ಮೈಕ್ ಎಲ್ಲೈತಂತ ಕಾಣೂದಿಲ್ಲ, ಅದಕ್ಕ ಒಲ್ಲೆ ಅಂತೀನಿ.”

ಹಾಡುವ ದಿನ ಮಜ್ಜಿಗೆ ಇಲ್ಲ, ತಣ್ಣೀರು ಇಲ್ಲ. ಊಟ ಸಂಜೆ ಏಳಕ್ಕೇ ಮುಗಿಯಬೇಕು. ನಡುವೆ ಹಸಿವಾದರೆ ಬೆಲ್ಲದ ಚೂರು. ಬಳಗದ ಹುಡುಗಿಯರು ಐಸ್‌ಕ್ರೀಮ್ ತಿಂದು ಹಾಡಲು ನಿಲ್ಲುವುದನ್ನು ಕಂಡರೆ ಅವರಿಗೆ ತಮ್ಮ ಗಂಟಲೇ ನೋಯುತ್ತದಂತೆ.

ಆಯಾರಗಳಿಂದ ಹೊತ್ತು ಮೀರಿದ್ದರಿಂದ ನಾಟಕದ ಕೊನೆಗಿದ್ದ ದ್ರೌಪದಿಯ ಪದ್ಯವೊಂದನ್ನು ಕತ್ತರಿಸಿದ್ದರು. ಮಂಗಳಕ್ಕೆ ಮೊದಲೇ ಮೂಡಣ ಕೆಂಪಾಗಿತ್ತು. ದುಡ್ಡಿನಲ್ಲಿ ಕಡಿತವಿಲ್ಲ, ಪೂರ್ತಿ ಎಣಿಸಿ ಕೊಟ್ಟಿದ್ದರು. ಮಾಸ್ತರರು ಕ್ಯಾಸಿಯೊವನ್ನು ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಕಲಾವಿದೆ ಅರ್ಧ ಬಣ್ಣ ಹೋದ ಮುಖದಲ್ಲಿ, ಗೋಡೆಯ ಕಡೆ ತಿರುಗಿ ಎಣ್ಣೆ ಬಟ್ಟೆ ಮಡಚುತ್ತ, ಆ ಪದ್ಯವನ್ನು ಎತ್ತಿಕೊಂಡರು. ಪೇಟಿಯಿಲ್ಲ, ಮೈಕಿಲ್ಲ. ರಾತ್ರಿಯೆಲ್ಲ ದಾರಿ ಬಿಡದಿದ್ದ ಗಾಂಧಾರ ಈಗ ತಾನಾಗಿ ತೆರೆದುಕೊಂಡಿತು. ಮೂರನೆಯ ಪಾದಕ್ಕೆ ಹೊರಗೆ ಬಸ್ಸಿನ ಹಾರ್ನ್ ಕೇಳಿ ನಿಲ್ಲಿಸಿ ಚೀಲ ಹೆಗಲಿಗೇರಿಸಿದರು.

ಮಾಸ್ತರರು ಗಂಟು ಹಾಕುತ್ತಲೇ ಅಂದರು: “ಕರಿ ನಾಕು.”