ಅಮ್ಮನ ಹವಾಯಿ ಚಪ್ಪಲಿ ಮತ್ತು ಐವತ್ತು ವರ್ಷದ ವೈರಿಂಗ್

ನಮ್ಮ ಕಡೆ ಅಡುಗೆಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಜಗಲಿ ಮೆಟ್ಟಿಲ ಕೆಳಗೇ ಬಿಟ್ಟು ಬರಬೇಕು. ಚಿಕ್ಕವರಿದ್ದಾಗ ಮರೆತು ಒಳಗೆ ಕಾಲಿಟ್ಟು ಅಮ್ಮನ ಹತ್ತಿರ ಎಷ್ಟು ಬೈಸಿಕೊಂಡಿದ್ದೇವೋ. ಅಂಥ ಅಮ್ಮ, ಹೋದ ವರ್ಷ ದಸರಾ ರಜೆಗೆ ನಾನು ಊರಿಗೆ ಹೋದಾಗ, ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಹಾಕಿಕೊಂಡು ಫ್ರಿಜ್ ಬಾಗಿಲು ತೆಗೆಯುತ್ತಿದ್ದಳು.

“ಇದೇನಮ್ಮ?” ಅಂತ ಕೇಳಿದೆ.

“ಬರಿಗಾಲಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ. ಬಟ್ಟೆ ಮಷಿನ್ನೂ ಹಾಗೇ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ ಬಿಡು.”

ಎಷ್ಟು ದಿನದಿಂದ ಅಂದರೆ ಅವಳಿಗೇ ಲೆಕ್ಕವಿಲ್ಲ. ಎರಡೋ ಮೂರೋ ವರ್ಷ ಇರಬಹುದು ಅಂದಳು. ನಾನು ಟೆಸ್ಟರ್ ತಂದು ಮಷಿನ್ನಿನ ಮೈಗೆ ಇಟ್ಟೆ. ಒಳಗಿನ ಕೆಂಪು ದೀಪ ಹೊತ್ತಿಕೊಂಡಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆ ಸಾಗರದಿಂದ 14 ಕಿಲೋಮೀಟರ್ ಒಳಗೆ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ಮೇಲೆ ಹಲಗೆ ಹಾಸಿದ ಮೆತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟು ಬೆಂಗಳೂರಿಗೆಲ್ಲ ಹೋಯಿತು. ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ಅದು ಬಂದಿದ್ದು 1974ರಲ್ಲಿ, ಅಜ್ಜ ಇದ್ದ ಕಾಲದಲ್ಲಿ. ಆಗ ಏಳು ಬಲ್ಬು, ಒಂದು ರೇಡಿಯೋ. ಗೋಡೆಗೆ ಮರದ ಪಟ್ಟಿ ಹೊಡೆದು, ಅದರ ಮೇಲೆ ವೈರು ಎಳೆದು, ತಗಡಿನ ಕ್ಲಿಪ್ಪಿನಲ್ಲಿ ಬಿಗಿದಿದ್ದರು. ಜಗಲಿಯಲ್ಲಿ ಕಬ್ಬಿಣದ ಮೈನ್ ಸ್ವಿಚ್ಚು, ಪಕ್ಕದಲ್ಲಿ ಎರಡು ಬಿಳಿ ಪಿಂಗಾಣಿ ಫ್ಯೂಸು. ಮಳೆಗಾಲದ ರಾತ್ರಿ ಫ್ಯೂಸು ಹೋದರೆ ಅಪ್ಪಯ್ಯ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ತಂತಿ ಸುತ್ತುತ್ತಿದ್ದರು. ಪದೇ ಪದೇ ಹೋಗಬಾರದು ಅಂತ ಒಂದು ಎಳೆಯ ಜಾಗದಲ್ಲಿ ನಾಲ್ಕು ಎಳೆ ಹಾಕುತ್ತಿದ್ದರು. ಆಮೇಲೆ ಫ್ಯೂಸು ಹೋಗುವುದು ನಿಂತಿತು. ಅದರ ಬದಲು ವೈರು ಬಿಸಿಯಾಗುತ್ತಿತ್ತು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಸಾಗರದಿಂದ ಲೈಸೆನ್ಸ್ ಇರುವ ವೈರಿಂಗ್ ಕಂಟ್ರಾಕ್ಟರ್ ಒಬ್ಬರನ್ನು ಕರೆಸಿದೆವು. ನನಗಿಂತ ಚಿಕ್ಕವರು. ಮೊದಲು ಮೂರು ಪಿನ್ನಿನ ಒಂದು ಸಾಕೆಟ್ ಬಿಚ್ಚಿ ನನ್ನನ್ನು ಕರೆದರು. “ಅಕ್ಕ, ಈ ಮೇಲಿನ ದೊಡ್ಡ ತೂತು ಇದೆಯಲ್ಲ, ಇದಕ್ಕೆ ಹಿಂದೆ ವೈರೇ ಇಲ್ಲ ನೋಡಿ.” ಮನೆಯ ಎಲ್ಲ ಸಾಕೆಟ್ಟೂ ಹಾಗೇ ಇದ್ದವು. ಹೊರಗಿನಿಂದ ನೋಡಿದರೆ ಮೂರು ತೂತು, ಒಳಗೆ ಎರಡೇ ವೈರು. ಅಂದರೆ ಮನೆಗೆ ಅರ್ತಿಂಗೇ ಇರಲಿಲ್ಲ.

ಅಮ್ಮನ ‘ಜುಮ್’ಗೆ ಕಾರಣವೂ ಅವರೇ ಹೇಳಿದರು. ಮಷಿನ್ ಕೆಟ್ಟಿರಲಿಲ್ಲ. ಈಗಿನ ಮಷಿನ್ನುಗಳಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದು ಒಂಚೂರು ಕರೆಂಟನ್ನು ಮೈಗೆ ಬಿಡುತ್ತದೆ. ಅರ್ತ್ ವೈರ್ ಇದ್ದರೆ ಅದು ಸುಮ್ನೆ ಭೂಮಿಗೆ ಹೋಗಿಬಿಡುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈ ಮೂಲಕ ಹೋಗುತ್ತದೆ. ಅಷ್ಟು ಕರೆಂಟಿಗೆ ಜೀವ ಹೋಗುವುದಿಲ್ಲ. ಆದರೆ ನಿಜವಾಗಲೂ ಒಳಗೆ ವೈರು ಕಿತ್ತು ಮೈಗೆ ತಾಗಿದ ದಿನ, ಅದೇ ದಾರಿಯಲ್ಲಿ ಪೂರ್ತಿ 230 ವೋಲ್ಟ್ ಬರುತ್ತಿತ್ತು. ಅವತ್ತೂ ಅಮ್ಮ ‘ಇದು ಮಾಮೂಲು’ ಅಂತ ಮುಟ್ಟುತ್ತಿದ್ದಳಲ್ವಾ?

ಇನ್ನೊಂದು ವಿಷಯ ತೋರಿಸಿದರು. ಆ ಎರಡು ಫ್ಯೂಸುಗಳಲ್ಲಿ ಒಂದು ಫೇಸ್‌ಗೆ, ಅಂದರೆ ಕರೆಂಟು ತರುವ ವೈರಿಗೆ, ಇನ್ನೊಂದು ನ್ಯೂಟ್ರಲ್‌ಗೆ, ಅಂದರೆ ಅದನ್ನು ವಾಪಸ್ ಒಯ್ಯುವ ವೈರಿಗೆ. ಹಿಂದೆ ಹಾಗೆ ಹಾಕುತ್ತಿದ್ದರಂತೆ. ನ್ಯೂಟ್ರಲ್ ಫ್ಯೂಸು ಸುಟ್ಟರೆ ದೀಪ ಆರುತ್ತದೆ. ಕರೆಂಟ್ ಹೋಯಿತು ಅಂದುಕೊಂಡು ನಾವು ಹೋಲ್ಡರಿಗೆ ಕೈ ಹಾಕುತ್ತೇವೆ. ಫೇಸ್ ಅಲ್ಲಿ ಜೀವಂತ ಇರುತ್ತದೆ. ಅಪ್ಪಯ್ಯ ಎಷ್ಟು ಸಲ ಹಾಗೆ ಕೈ ಹಾಕಿದ್ದರೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಮೆತ್ತಿನ ಮೇಲೆ ಹೋದರೆ ವೈರಿನ ಮೇಲಿನ ರಬ್ಬರು ಒಣಗಿದ ಅಡಿಕೆ ಸಿಪ್ಪೆಯ ಹಾಗೆ ಪುಡಿಯಾಗಿ ಉದುರಿತು. ಎರಡು ಕಡೆ ಇಲಿ ಕಡಿದು ಬರೀ ತಂತಿ ಕಾಣುತ್ತಿತ್ತು. ಅದರ ಪಕ್ಕದಲ್ಲೇ ನಾವು ಅಡಿಕೆ ಚೀಲ, ಹಳೇ ಚಾಪೆ ಎಲ್ಲ ಪೇರಿಸಿದ್ದೆವು. ಮೆಗ್ಗರ್ ಅಂತ ಒಂದು ಉಪಕರಣ ಇದೆ. 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ನೋಡುತ್ತದೆ. ಕರೆಂಟು ಸೋರದ ಹಾಗೆ ಹೊದಿಕೆ ಒಡ್ಡುವ ತಡೆ ಕಡಿಮೆ ಅಂದರೂ 1 ಮೆಗಾಓಮ್ ಬರಬೇಕು. ನಮ್ಮ ಮನೆಯದು ಸೊನ್ನೆಯ ಹತ್ತಿರ ನಿಂತಿತ್ತು.

ತಮ್ಮ ಆ ವರ್ಷ ಅಡುಗೆಮನೆಗೆ ಟೈಲ್ಸ್ ಹಾಕಿಸಬೇಕು ಅಂತ ದುಡ್ಡು ಎತ್ತಿಟ್ಟಿದ್ದ. “ಗೋಡೆ ಒಳಗೆ ಹೋಗೋ ವೈರಿಗೆ ಲಕ್ಷ ಸುರಿಯೋದಾ ಅಕ್ಕ?” ಅಂದ. ನಾನು ಏನೂ ಹೇಳದೆ ಅವನನ್ನು ಬರಿಗಾಲಲ್ಲಿ ಬಟ್ಟೆ ಮಷಿನ್ ಹತ್ತಿರ ಕರೆದುಕೊಂಡು ಹೋಗಿ ಕೈ ಇಡಿಸಿದೆ. ಆಮೇಲೆ ಅವನು ಟೈಲ್ಸ್ ಮಾತು ಎತ್ತಲಿಲ್ಲ.

ಕಾಗದದ ಕೆಲಸ ಎರಡು ತಿಂಗಳು ಹಿಡಿಯಿತು. ತಪ್ಪು ನಮ್ಮದೇ. ಆರ್‌ಆರ್ ನಂಬರು, ಅಂದರೆ ಕರೆಂಟ್ ಬಿಲ್ಲಿನ ಸಂಪರ್ಕ ಸಂಖ್ಯೆ, ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಮರಣ ಪತ್ರ, ವಂಶವೃಕ್ಷ ಎಲ್ಲ ಹೊಂದಿಸಿ ಮೊದಲು ಹೆಸರು ಬದಲಾಯಿಸಿ, ಆಮೇಲೆ ಲೋಡ್, ಅಂದರೆ ಮನೆ ಎಳೆಯಬಹುದಾದ ಕರೆಂಟಿನ ಮಿತಿ, ಜಾಸ್ತಿ ಮಾಡಲು ಅರ್ಜಿ ಕೊಟ್ಟೆವು. ಅಜ್ಜ ತೆಗೆದುಕೊಂಡಿದ್ದು 1 ಕಿಲೋವ್ಯಾಟ್. ಬಚ್ಚಲಿನ ಗೀಸರ್ ಒಂದೇ 3 ಕಿಲೋವ್ಯಾಟ್, ಹತ್ತಿರ ಹತ್ತಿರ 13 ಆಂಪ್ ಎಳೆಯುತ್ತದೆ. ಎಸಿ ಹಾಕುವ ಯೋಚನೆ ನಮಗಿಲ್ಲ. ಹಾಗಾಗಿ ಸಿಂಗಲ್ ಫೇಸ್‌ನಲ್ಲೇ 4 ಕಿಲೋವ್ಯಾಟ್ ಸಾಕು ಅಂದರು. ಕಿಲೋವ್ಯಾಟ್ ಜಾಸ್ತಿಯಾದರೆ ಪ್ರತಿ ತಿಂಗಳ ನಿಗದಿ ಶುಲ್ಕವೂ ಜಾಸ್ತಿ. ಬೇಕಾದಷ್ಟೇ ಕೇಳುವುದು ಒಳ್ಳೆಯದು.

ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಹನ್ನೊಂದು ದಿನ. ಕಂಬದಿಂದ ಬರುವ ಸರ್ವಿಸ್ ವೈರು ಹೊಸದು, ಮೀಟರು ಜಗಲಿಯ ಹೊರಗೋಡೆಗೆ, ಒಳಗೆ ಡಿಬಿ ಅನ್ನುವ ಪೆಟ್ಟಿಗೆ, ಅದರಲ್ಲಿ ಎಂಸಿಬಿಗಳು, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚುಗಳು. ದೀಪಕ್ಕೆ ಒಂದೂವರೆ ಚದರ ಎಂಎಂ ವೈರು, ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು. ಎಂಸಿಬಿ ಕಾಯುವುದು ವೈರನ್ನು. ಪದೇ ಪದೇ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸಿದರೆ, ಅಪ್ಪಯ್ಯ ನಾಲ್ಕು ಎಳೆ ಸುತ್ತಿದ ಹಾಗೇ ಆಗುತ್ತದೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ನನಗೆ ತುಂಬಾ ಇಷ್ಟವಾದ ಕೆಲಸ ಅರ್ತಿಂಗ್ ಗುಂಡಿ. ಬಚ್ಚಲ ನೀರು ಹೋಗುವ ಬಾಳೆ ಬುಡದ ಹತ್ತಿರ, ಮನೆಯ ಪಾಯದಿಂದ ದೂರದಲ್ಲಿ ತೋಡಿಸಿದರು. ಅಲ್ಲಿ ಮಣ್ಣು ಬೇಸಿಗೆಯಲ್ಲೂ ಹಸಿ ಇರುತ್ತದೆ. ಎರಡೂವರೆ ಮೀಟರಿನ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಇದ್ದಿಲು ನಮ್ಮ ಬಚ್ಚಲೊಲೆಯದೇ. ಅಮ್ಮ ಎರಡು ತಿಂಗಳಿಂದ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ, ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಮೊದಲ ಗುಂಡಿಯ ತಡೆ 14 ಓಮ್ ಬಂತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಅವರಿಗೆ ಸಮಾಧಾನವಾಗಲಿಲ್ಲ. ಸ್ವಲ್ಪ ದೂರದಲ್ಲಿ ಇನ್ನೊಂದು ತೋಡಿಸಿ ಎರಡನ್ನೂ ಸೇರಿಸಿದ ಮೇಲೆ 6ಕ್ಕೆ ಇಳಿಯಿತು.

ಕೊನೆಗೆ ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೂ ವಾಪಸ್ ಬಂತಾ ಅಂತ ಇದು ನೋಡುತ್ತಿರುತ್ತದೆ. 30 ಮಿಲಿಆಂಪ್ ಬೇರೆ ದಾರಿ ಹಿಡಿದರೂ ತಟ್ಟನೆ ಕತ್ತರಿಸುತ್ತದೆ. ಅದು ಹಳೇ 60 ವ್ಯಾಟ್ ಬಲ್ಬು ಎಳೆಯುವ ಕರೆಂಟಿನ ಸುಮಾರು ಒಂಬತ್ತರಲ್ಲಿ ಒಂದು ಪಾಲು. ಮನುಷ್ಯರಿಗೆ ಶಾಕ್ ಹೊಡೆಯುವಾಗ ಹರಿಯುವಷ್ಟು ಕರೆಂಟು ಎಂಸಿಬಿಗೆ ಲೆಕ್ಕಕ್ಕೇ ಬರುವುದಿಲ್ಲ, ಇದಕ್ಕೆ ಬರುತ್ತದೆ.

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿತ್ತು. ಅವತ್ತು ಸಂಜೆ ಆರ್‌ಸಿಸಿಬಿ ಬಿತ್ತು. ಮೇಲೆತ್ತಿದರೆ ಮತ್ತೆ ಬಿತ್ತು. ಮೂರು ದಿನ ಹಾಗೇ. ಊರವರೆಲ್ಲ “ಅದನ್ನ ತೆಗೆಸಿಬಿಡಿ, ಈ ಕಡೆ ಮಳೆಗೆ ಆಗಿಬರಲ್ಲ” ಅಂದರು. ನಾನು ಶಿವಮೊಗ್ಗದಿಂದ ಫೋನಿನಲ್ಲೇ ಬೇಡ ಅಂತ ಹಟ ಮಾಡಿದೆ. ವೈರಿಂಗ್‌ನವರು ಮತ್ತೆ ಬಂದು ಒಂದೊಂದೇ ಲೈನು ಬಿಚ್ಚಿ ನೋಡುತ್ತಾ ಎರಡನೇ ದಿನ ಕೊಟ್ಟಿಗೆಗೆ ಬಂದರು. ಖರ್ಚು ಉಳಿಸಲು ಕೊಟ್ಟಿಗೆ ಲೈನು ಮಾತ್ರ ಹಳೆಯದೇ ಇರಲಿ ಅಂದಿದ್ದು ನಾನು. ದನ ಕಟ್ಟುವ ಗೋದಲಿಯ ಮೇಲಿನ ತಗಡಿಗೆ ಆ ವೈರು ಉಜ್ಜಿ ಉಜ್ಜಿ ಸಿಪ್ಪೆ ಹೋಗಿತ್ತು. ಮಳೆ ಬಂದು ಒದ್ದೆಯಾದರೆ ತಗಡಿಗೆ ಕರೆಂಟು. ಅದರ ಕೆಳಗೆ ಎರಡು ಹಸು, ಒಂದು ಕರು. ಅವತ್ತೇ ಕೊಟ್ಟಿಗೆಗೂ ಹೊಸ ವೈರು ಎಳೆಸಿದೆವು. ಒಟ್ಟು ಖರ್ಚು 1,26,000 ರೂಪಾಯಿ ದಾಟಿತು.

ಸಿಡಿಲಿನ ಮಾತು ಬೇರೆ. ಡಿಬಿಯಲ್ಲಿ ಸರ್ಜ್, ಅಂದರೆ ವೋಲ್ಟೇಜು ಒಮ್ಮೆಲೇ ಏರುವುದನ್ನು, ತಡೆಯುವ ಒಂದು ಉಪಕರಣ ಹಾಕಿಸಿದ್ದೇವೆ. ಆದರೂ ಗುಡುಗು ಶುರುವಾದರೆ ಟಿವಿ, ವೈಫೈ ಪ್ಲಗ್ಗು ಕೀಳುವುದನ್ನು ಅಮ್ಮ ಬಿಟ್ಟಿಲ್ಲ. ಬಿಡುವುದೂ ಬೇಡ.

ಹವಾಯಿ ಚಪ್ಪಲಿ ಮತ್ತೆ ಜಗಲಿ ಕೆಳಗೆ ಹೋಗಿದೆ. ಆದರೆ ಮಷಿನ್ ಮುಟ್ಟುವ ಮೊದಲು ಅಮ್ಮ ಈಗಲೂ ಕೈಯ ಹಿಂಭಾಗ ಒಂದು ಸಲ ತಾಗಿಸಿ ನೋಡುತ್ತಾಳೆ. ಆರ್‌ಸಿಸಿಬಿಯಲ್ಲಿ ಒಂದು ಸಣ್ಣ ಟೆಸ್ಟ್ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು ಅಂತ ಹೇಳಿಕೊಟ್ಟಿದ್ದೆ. ತಾರೀಖು ಅವಳಿಗೆ ನೆನಪಿರುವುದಿಲ್ಲ. ಅದಕ್ಕೆ ಅಮಾವಾಸ್ಯೆಗೆ ಇಟ್ಟುಕೊಂಡಿದ್ದಾಳೆ. ಒತ್ತಿದ ಮೇಲೆ ನನಗೆ ಫೋನು ಬರುತ್ತದೆ. “ಒತ್ತಿದೆ. ಟಪ್ ಅಂತು. ಮತ್ತೆ ಮೇಲೆತ್ತಿದೀನಿ.”