ಹಾಲ್ ಎಚ್‌ನ ಆಚೆಗಿನ ಕೋಣೆಗಳು: ಸ್ಯಾನ್ ಡಿಯಾಗೋ ಕಾಮಿಕ್-ಕಾನ್‌ನಲ್ಲಿ ನನ್ನ ಆಯ್ಕೆಗಳು

ಪ್ರತಿವರ್ಷ ಜುಲೈ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ನಡೆಯುವ ಕಾಮಿಕ್-ಕಾನ್ ಎಂಬ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನದ ಕಾರ್ಯಕ್ರಮ ಪಟ್ಟಿಯು ಸುಮಾರು ಎರಡು ವಾರ ಮೊದಲೇ, ಒಂದೊಂದು ದಿನದ್ದಾಗಿ ಪ್ರಕಟವಾಗುತ್ತದೆ. ಅಲ್ಲಿಗೆ ಹೋಗಲಾರೆನೆಂದು ಗೊತ್ತಿದ್ದರೂ ನಾನು ಆ ಪಟ್ಟಿಯನ್ನು ಒಂದು ಸಾಲೂ ಬಿಡದೆ ಓದುತ್ತೇನೆ. ವಿಮಾನದ ಟಿಕೆಟ್ಟು, ವೀಸಾ, ಆ ವಾರ ಮೇಲೇರುವ ಹೋಟೆಲ್ ಬಾಡಿಗೆ, ಇವೆಲ್ಲವನ್ನೂ ಹೇಗೋ ಹೊಂದಿಸಿಕೊಂಡರೂ ಪ್ರವೇಶದ ಬ್ಯಾಡ್ಜ್ ಸಿಗುವುದು ಅದೃಷ್ಟವಿದ್ದವರಿಗೆ ಮಾತ್ರ; ಮೊದಲೇ ಹೆಸರು ನೋಂದಾಯಿಸಿಕೊಂಡವರೆಲ್ಲ ನಿಗದಿತ ದಿನ ಆನ್‌ಲೈನ್ ಸರದಿಯಲ್ಲಿ ಕಾಯುತ್ತಾರೆ, ಯಾರಿಗೆ ಮೊದಲು ಬಾಗಿಲು ತೆರೆಯಬೇಕೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ಹೀಗೆ ಒಳಗೆ ಹೋಗುವವರು 1,30,000ಕ್ಕೂ ಹೆಚ್ಚು ಮಂದಿ. ಹೊರಗೆ ಉಳಿಯುವ ನಮ್ಮಂಥವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು.

ಪತ್ರಿಕೆಗಳಲ್ಲಿ ಕಾಮಿಕ್-ಕಾನ್ ಎಂದರೆ ಹಾಲ್ ಎಚ್. ಸುಮಾರು 6,500 ಆಸನಗಳ ಆ ಸಭಾಂಗಣದಲ್ಲಿ ದೊಡ್ಡ ಸ್ಟುಡಿಯೋಗಳು ತಮ್ಮ ಮುಂದಿನ ಚಿತ್ರಗಳನ್ನು ಘೋಷಿಸುತ್ತವೆ, ನಟರು ವೇದಿಕೆಗೆ ಬರುತ್ತಾರೆ, ಅವರನ್ನು ನೋಡಲೆಂದು ಜನ ಹಿಂದಿನ ರಾತ್ರಿಯೇ ಸಮುದ್ರದ ಗಾಳಿಯಲ್ಲಿ ಸಾಲುಗಟ್ಟಿ ಮಲಗುತ್ತಾರೆ. ಆ ಉತ್ಸಾಹವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಅಲ್ಲಿ ಹೇಳಿದ್ದು ಕೆಲವೇ ನಿಮಿಷಗಳಲ್ಲಿ ಇಡೀ ಜಗತ್ತಿಗೆ ಸುದ್ದಿಯಾಗುತ್ತದೆ, ಟ್ರೇಲರ್ ಇಂದಲ್ಲ ನಾಳೆ ನನ್ನ ಫೋನಿಗೂ ಬರುತ್ತದೆ. ಆದ್ದರಿಂದ ನನ್ನ ಆಯ್ಕೆಗೆ ಒಂದೇ ಅಳತೆಗೋಲು: ತಾನಾಗಿಯೇ ನನ್ನನ್ನು ತಲುಪುವುದನ್ನು ಬಿಟ್ಟು, ಅಲ್ಲಿ ಹೋಗಿ ಕುಳಿತವರಿಗೆ ಮಾತ್ರ ಪೂರ್ತಿಯಾಗಿ ದಕ್ಕುವುದನ್ನು ಆರಿಸಬೇಕು. ಹಾಗೆ ಆರಿಸುತ್ತ ಹೋದರೆ ಬೆರಳು ಪ್ರತಿಸಲವೂ ಸಣ್ಣ ಕೋಣೆಗಳ ಮೇಲೆಯೇ ನಿಲ್ಲುತ್ತದೆ.

ಈ ಸಮ್ಮೇಳನ ಹುಟ್ಟಿದ್ದೂ ಸಣ್ಣದಾಗಿಯೇ. ಡೆಟ್ರಾಯಿಟ್‌ನಿಂದ ಬಂದು ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ್ದ ಶೆಲ್ ಡಾರ್ಫ್ ಎಂಬ ಅಭಿಮಾನಿ, ಪುಸ್ತಕದಂಗಡಿಯ ಕೆನ್ ಕ್ರೂಗರ್, ಹಳೆಯ ಕಾಮಿಕ್ಸ್ ಮಾರುತ್ತಿದ್ದ ಹದಿಹರೆಯದ ರಿಚರ್ಡ್ ಆಲ್ಫ್ ಮತ್ತು ಅವರ ಗೆಳೆಯರು ಸೇರಿ 1970ರ ಮಾರ್ಚ್ 21ರಂದು ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಒಂದು ದಿನದ ಪುಟ್ಟ ಕೂಟವನ್ನು ನಡೆಸಿ, ಅದರಿಂದ ಬಂದ ಧೈರ್ಯದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ 3ರವರೆಗೆ ಮೊದಲ ಪೂರ್ಣ ಸಮ್ಮೇಳನವನ್ನು ಏರ್ಪಡಿಸಿದರು. ಬಂದವರು ಸುಮಾರು 300 ಮಂದಿ. ಅತಿಥಿಗಳಾಗಿ ಬಂದಿದ್ದವರು ಮಾತ್ರ ದೊಡ್ಡ ಹೆಸರಿನವರು: ವಿಜ್ಞಾನ ಕಥೆಗಾರರಾದ ರೇ ಬ್ರಾಡ್‌ಬರಿ, ಎ.ಇ. ವಾನ್ ವೋಗ್ಟ್ ಮತ್ತು ಕಾಮಿಕ್ಸ್ ಚಿತ್ರಕಾರ ಜಾಕ್ ಕರ್ಬಿ. ಈಗಿನ ಸಮುದ್ರ ತೀರದ ಕನ್ವೆನ್ಷನ್ ಸೆಂಟರ್‌ಗೆ ಸಮ್ಮೇಳನ ಬಂದದ್ದು 1991ರಲ್ಲಿ. ಇಷ್ಟು ಬೆಳೆದರೂ ಅದನ್ನು ನಡೆಸುತ್ತಿರುವುದು ಇಂದಿಗೂ ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಸಣ್ಣ ಕೋಣೆಗಳಿಗೆ ಇನ್ನೂ ಜಾಗ ಉಳಿದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ನನ್ನ ಮೊದಲ ಆಯ್ಕೆ ಕ್ವಿಕ್ ಡ್ರಾ. ಲೇಖಕ ಮಾರ್ಕ್ ಇವೇನಿಯರ್ ನಡೆಸಿಕೊಂಡು ಬಂದಿರುವ ಈ ಕಾರ್ಯಕ್ರಮದಲ್ಲಿ ಮೂವರು ವ್ಯಂಗ್ಯಚಿತ್ರಕಾರರು ಸಾಲಾಗಿ ಕೂರುತ್ತಾರೆ, ಅವರ ಕೈ ಮತ್ತು ಕಾಗದ ಮೇಲಿನ ಪರದೆಗಳಲ್ಲಿ ಕಾಣುತ್ತಿರುತ್ತದೆ, ಪ್ರೇಕ್ಷಕರು ಕೂಗಿ ಹೇಳಿದ ವಿಷಯಕ್ಕೆ ಅವರು ಅಲ್ಲಿಯೇ, ಆ ಕ್ಷಣವೇ ಚಿತ್ರ ಬರೆಯಬೇಕು. ಸೆರ್ಜಿಯೋ ಅರಗೊನೆಸ್ ಅನೇಕ ವರ್ಷ ಇದರ ಜೀವಾಳವಾಗಿದ್ದರು. ಸ್ಪೇನ್‌ನಲ್ಲಿ ಹುಟ್ಟಿ, ಮೆಕ್ಸಿಕೋದಲ್ಲಿ ಬೆಳೆದ ಅವರು 1960ರ ದಶಕದಿಂದ ಮ್ಯಾಡ್ ಎಂಬ ಹಾಸ್ಯ ಪತ್ರಿಕೆಯ ಪುಟಗಳ ಅಂಚಿನಲ್ಲಿ, ಮಾತಿಲ್ಲದ ಹೆಬ್ಬೆರಳಗಲದ ಚಿತ್ರಗಳನ್ನು ಬರೆದು ಹೆಸರಾದವರು. ಜೊತೆಗೆ ಕೂರುವ ಸ್ಕಾಟ್ ಶಾ, 1970ರಲ್ಲಿ ಈ ಸಮ್ಮೇಳನವನ್ನು ಕಟ್ಟಿದ ಹುಡುಗರ ಗುಂಪಿನವರೇ. ಮುದ್ರಿತ ಪುಟದಲ್ಲಿ ನಮಗೆ ಸಿಗುವುದು ಮುಗಿದ ಗೆರೆ. ಆ ಗೆರೆ ಎಲ್ಲಿಂದ ಹೊರಟಿತು, ಕಣ್ಣು ಮೊದಲು ಬಂತೋ ಮೂಗೋ, ನಗೆಯ ತಿರುವು ಕಲಾವಿದನಿಗೆ ಹೊಳೆದದ್ದು ಯಾವ ಗಳಿಗೆಯಲ್ಲಿ ಎಂಬುದು ಪುಟದಲ್ಲಿ ಎಂದೂ ಕಾಣುವುದಿಲ್ಲ. ಚಿತ್ರಕಥೆಯನ್ನು ಪ್ರೀತಿಸುವವರು ನೋಡಲೇಬೇಕಾದದ್ದು ಅದನ್ನೇ, ಮತ್ತು ಒಂದು ಕೋಣೆ ತುಂಬ ಜನ ಒಟ್ಟಿಗೆ ಉಸಿರು ಹಿಡಿದು ಅದನ್ನು ನೋಡುವುದು ಬೇರೆಯೇ ಅನುಭವವೆಂದು ನನ್ನ ನಂಬಿಕೆ.

ಎರಡನೆಯದು ಶುಕ್ರವಾರ ರಾತ್ರಿ ನಡೆಯುವ, ಕಾಮಿಕ್ಸ್‌ಗೆ ಮೀಸಲಾದ ಐಸ್ನರ್ ಪ್ರಶಸ್ತಿ ಸಮಾರಂಭ. ಅಲ್ಲಿ ರಾತ್ರಿ ಎಂಟು ಗಂಟೆಯಾದಾಗ ನಮಗೆ ಶನಿವಾರ ಬೆಳಗಿನ ಎಂಟೂವರೆ. ಹಿರಿಯ ಕಲಾವಿದ ವಿಲ್ ಐಸ್ನರ್ ಅವರ ಹೆಸರಿನಲ್ಲಿ 1988ರಲ್ಲಿ ಆರಂಭವಾದ ಈ ಪ್ರಶಸ್ತಿಗಳ ಹೊಣೆಯನ್ನು 1990ರಿಂದ ಜಾಕಿ ಎಸ್ಟ್ರಾಡಾ ಹೊತ್ತಿದ್ದಾರೆ. 2005ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಐಸ್ನರ್ ತಾವೇ ವೇದಿಕೆಯಲ್ಲಿ ನಿಂತು ವಿಜೇತರ ಕೈಕುಲುಕುತ್ತಿದ್ದರು. ವಿಜೇತರ ಪಟ್ಟಿ ಅಂದೇ ನಮಗೂ ಸಿಗುತ್ತದೆ. ಆದರೆ ನಾನು ಅಲ್ಲಿರಬೇಕೆಂದು ಬಯಸುವುದು ಪಟ್ಟಿಗಾಗಿ ಅಲ್ಲ, ನಡುವೆ ಬರುವ ಬಿಲ್ ಫಿಂಗರ್ ಪ್ರಶಸ್ತಿಗಾಗಿ.

ಬಿಲ್ ಫಿಂಗರ್ ಅವರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1939ರಲ್ಲಿ ಬ್ಯಾಟ್‌ಮನ್ ಪ್ರಕಟವಾದಾಗ ಪುಟದ ಮೇಲಿದ್ದದ್ದು ಬಾಬ್ ಕೇನ್ ಒಬ್ಬರ ಹೆಸರು. ಮುಖವಾಡದ ರೂಪ, ಬೆನ್ನ ಹಿಂದಿನ ನಿಲುವಂಗಿ, ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ನಗರ, ಮೊದಲ ಕಥೆಗಳ ಬರವಣಿಗೆ ಇವೆಲ್ಲದರ ಹಿಂದೆ ಇದ್ದವರು ಫಿಂಗರ್. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಈ ಸಂಗತಿ ಓದುಗರಿಗೆ ತಿಳಿದಿರಲಿಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳೇ ಸೇರಿ ನಡೆಸಿದ ಒಂದು ಸಣ್ಣ ಸಮ್ಮೇಳನದ ಗೋಷ್ಠಿಗೆ ಫಿಂಗರ್ ಬಂದು ಕುಳಿತರು. ಅದಾದ ಮೇಲೆ ಜೆರ್ರಿ ಬೇಲ್ಸ್ ಎಂಬ ಅಭಿಮಾನಿ ಅವರ ಪಾತ್ರವೇನೆಂದು ಲೇಖನ ಬರೆದರು. ಆದರೂ 1974ರಲ್ಲಿ ಫಿಂಗರ್ ತೀರಿಕೊಂಡಾಗ ಸೃಷ್ಟಿಕರ್ತರೆಂಬ ಅಧಿಕೃತ ಮನ್ನಣೆ ಅವರಿಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 2015ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, ಬ್ಯಾಟ್‌ಮನ್‌ನ ಆರಂಭದ ಚಿತ್ರಕಾರರಲ್ಲೊಬ್ಬರಾದ ಜೆರ್ರಿ ರಾಬಿನ್ಸನ್ ಅವರ ಒತ್ತಾಸೆಯಿಂದ, ತಕ್ಕ ಮನ್ನಣೆ ಸಿಗದ ಕಾಮಿಕ್ಸ್ ಬರಹಗಾರರಿಗಾಗಿ ಕಾಮಿಕ್-ಕಾನ್ ಫಿಂಗರ್ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತ್ತು. ಸಾಮಾನ್ಯವಾಗಿ ಬದುಕಿರುವ ಒಬ್ಬರಿಗೆ, ತೀರಿಕೊಂಡ ಒಬ್ಬರಿಗೆ ಅದು ಸಲ್ಲುತ್ತದೆ. ತೀರಿಕೊಂಡವರ ಮಗಳೋ ಮೊಮ್ಮಗನೋ ವೇದಿಕೆಗೆ ಬಂದು, ಆ ಹೆಸರನ್ನು ಸಹೋದ್ಯೋಗಿಗಳ ಮುಂದೆ ಗಟ್ಟಿಯಾಗಿ ಹೇಳುವುದನ್ನು ಕೇಳಬೇಕೆಂಬ ಆಸೆ ನನ್ನದು. ಅಮರ ಚಿತ್ರಕಥೆಯನ್ನು ಕನ್ನಡದಲ್ಲಿ ಓದಿ ಬೆಳೆದ ನಮಗೆ ಅದನ್ನು ಆರಂಭಿಸಿದ ಕಾರ್ಕಳದ ಅನಂತ ಪೈ ಅವರ ಹೆಸರು ಗೊತ್ತು. ಕೃಷ್ಣನ ಸಂಚಿಕೆಗೆ ಚಿತ್ರ ಬರೆದ ರಾಮ್ ವಾಯಿರ್‌ಕರ್ ಅವರ ಹೆಸರು ಎಷ್ಟು ಮಂದಿಗೆ ಗೊತ್ತಿದೆ? ಇಂಥ ಪ್ರಶಸ್ತಿಯೊಂದು ನಮ್ಮಲ್ಲಿಯೂ ಇರಬೇಕಿತ್ತು.

ಐಸ್ನರ್ ಪ್ರಶಸ್ತಿಗಳಲ್ಲಿ ನಾನು ಕಾದು ನೋಡುವ ಇನ್ನೊಂದು ವಿಭಾಗ ಅಕ್ಷರ ಬರೆಯುವವರದು. ಮಾತಿನ ಗುಳ್ಳೆಯೊಳಗೆ ಅಕ್ಷರ ತುಂಬುವುದು ಸ್ವತಂತ್ರವಾದ ಕಲೆ, ಟಾಡ್ ಕ್ಲೈನ್ ಅಂಥವರು ಅದರಲ್ಲಿಯೇ ಬದುಕು ಸವೆಸಿ ಮತ್ತೆ ಮತ್ತೆ ಪ್ರಶಸ್ತಿ ಪಡೆದಿದ್ದಾರೆ. ಕನ್ನಡದಲ್ಲಿ ಈ ಕೆಲಸ ಇನ್ನೂ ಕಷ್ಟದ್ದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಇಂಗ್ಲಿಷಿಗೆಂದು ಬರೆದ ಗುಳ್ಳೆಯಲ್ಲಿ ಕನ್ನಡ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. 2021ರಲ್ಲಿ ಬ್ಲೂ ಇನ್ ಗ್ರೀನ್ ಎಂಬ ಕೃತಿಯ ಚಿತ್ರಗಳಿಗಾಗಿ ಆನಂದ್ ಆರ್.ಕೆ. ಅವರಿಗೆ, ಜಾನ್ ಪಿಯರ್ಸನ್ ಅವರೊಂದಿಗೆ, ಐಸ್ನರ್ ಬಂದಾಗ ನನಗಾದ ಸಂತೋಷ ದೊಡ್ಡದು. ಅದನ್ನು ಬರೆದವರು ಮುಂಬೈ ಮೂಲದ ರಾಮ್ ವಿ., ಅಕ್ಷರ ಬರೆದವರು ಪುಣೆಯ ಆದಿತ್ಯ ಬಿಡೀಕರ್. ಆ ಪುಸ್ತಕದಲ್ಲಿ ಅಕ್ಷರಗಳನ್ನು ಚಿತ್ರದಿಂದ ಬೇರ್ಪಡಿಸಿ ನೋಡುವುದು ನನ್ನಿಂದಾಗದು.

ಹಗಲಿನ ಹೊತ್ತು ಪ್ರದರ್ಶನ ಅಂಗಳದಲ್ಲಿ ಆಟಿಕೆಗಳ ದೊಡ್ಡ ಮಳಿಗೆಗಳನ್ನು ದಾಟಿ, ಕಲಾವಿದರು ಮೇಜು ಹಾಕಿ ಕೂರುವ ಆರ್ಟಿಸ್ಟ್ಸ್ ಆಲಿ ಮತ್ತು ಸಣ್ಣ ಪ್ರಕಾಶಕರ ಮೇಜುಗಳ ಕಡೆಗೆ ಹೋಗುತ್ತೇನೆ. ಮೊದಲು ಹುಡುಕುವುದು ಸ್ಟಾನ್ ಸಕಾಯ್ ಅವರನ್ನು. ಕ್ಯೋಟೋದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಅವರು ಅರಗೊನೆಸ್ ಅವರ ಗ್ರೂ ಎಂಬ ಕಾಮಿಕ್ಸ್ ಸರಣಿಗೆ ಅಕ್ಷರ ಬರೆದುಕೊಟ್ಟವರು. 1984ರಿಂದ ಮೊಲದ ರೂಪದ ಸಮುರಾಯ್ ಒಬ್ಬನ ಕಥೆಯನ್ನು ತಾವೇ ಬರೆದು, ತಾವೇ ಚಿತ್ರಿಸುತ್ತಿದ್ದಾರೆ. ಮೂಲ ಪುಟದ ಮೇಲೆ ಶಾಯಿಯ ದಪ್ಪ, ತಿದ್ದಿದ ಬಿಳಿ ಬಣ್ಣ, ಅಳಿಸದೆ ಉಳಿದ ಸೀಸದ ಗೆರೆ ಇವನ್ನು ಯಾವ ಸ್ಕ್ಯಾನೂ ಸರಿಯಾಗಿ ತೋರಿಸುವುದಿಲ್ಲ. ಹಳೆಯ ಸಂಚಿಕೆಗಳ ವ್ಯಾಪಾರಿಗಳು ಕಡಿಮೆಯಾಗುತ್ತಿರುವುದು ಚಿಂತೆಯ ಸಂಗತಿ. ಡೆನ್ವರ್‌ನ ಮೈಲ್ ಹೈ ಕಾಮಿಕ್ಸ್ 44 ವರ್ಷ ಮಳಿಗೆ ಹಾಕಿದ ಮೇಲೆ 2017ರಲ್ಲಿ ಇನ್ನು ಬರುವುದಿಲ್ಲವೆಂದು ಘೋಷಿಸಿತು. ಹೆಸರಿನಲ್ಲಿಯೇ ಕಾಮಿಕ್ ಎಂದಿರುವ ಸಮ್ಮೇಳನದಲ್ಲಿ ಕಾಗದದ ಪುಸ್ತಕ ಮಾರುವವರಿಗೆ ಉಳಿಗಾಲವಿರಬೇಕು.

ಶನಿವಾರ ರಾತ್ರಿಯ ವೇಷಭೂಷಣ ಸ್ಪರ್ಧೆಯ ಚಿತ್ರಗಳು ಹೇಗೂ ಸಿಗುವುದರಿಂದ ಅದನ್ನು ಬಿಡುತ್ತೇನೆ. 1977ರಿಂದ ನಡೆದುಬಂದಿರುವ, ವಿಜ್ಞಾನ ಕಥೆಗಾರ ರಾಬರ್ಟ್ ಹೈನ್‌ಲೈನ್ ಅವರ ಹೆಸರಿನ ರಕ್ತದಾನ ಶಿಬಿರಕ್ಕೆ ಮಾತ್ರ ತಪ್ಪದೆ ಹೋಗುತ್ತೇನೆ. 1992ರಲ್ಲಿ ಆರಂಭವಾದ ಕಾಮಿಕ್ಸ್ ಆರ್ಟ್ಸ್ ಕಾನ್ಫರೆನ್ಸ್‌ನಲ್ಲಿ ವಿದ್ವಾಂಸರ ಪ್ರಬಂಧಗಳಿಗೂ ಒಂದು ಮಧ್ಯಾಹ್ನ ಮೀಸಲು.

ಸಣ್ಣ ಕೋಣೆಗಳೇ ಈ ಸಮ್ಮೇಳನದ ತಿರುಳು ಎನ್ನುವುದಕ್ಕೆ 2020 ಮತ್ತು 2023, ಈ ಎರಡು ವರ್ಷಗಳು ಸಾಕ್ಷಿ. 2020ರಲ್ಲಿ ಸೋಂಕಿನ ಕಾರಣದಿಂದ ಸಮ್ಮೇಳನ ರದ್ದಾಗಿ, ಗೋಷ್ಠಿಗಳೆಲ್ಲ ಯೂಟ್ಯೂಬಿನಲ್ಲಿ ಉಚಿತವಾಗಿ ಪ್ರಸಾರವಾದಾಗ ಮೊದಲ ಬಾರಿಗೆ ನಾನು ಮನೆಯಲ್ಲಿ ಕುಳಿತು ಕಾಮಿಕ್ಸ್ ಇತಿಹಾಸದ ಮಾತುಕತೆಗಳನ್ನು ಮನಸಾರೆ ಕೇಳಿದೆ. 2023ರಲ್ಲಿ ಸಮ್ಮೇಳನಕ್ಕೆ ಒಂದು ವಾರ ಮೊದಲು, ಜುಲೈ 14ರಂದು, ಹಾಲಿವುಡ್ ನಟರ ಮುಷ್ಕರ ಶುರುವಾಯಿತು. ಬರಹಗಾರರು ಮೇ ತಿಂಗಳಿನಿಂದಲೇ ಮುಷ್ಕರದಲ್ಲಿದ್ದರು. ತಾರೆಯರು ಬರಲಿಲ್ಲ, ಹಾಲ್ ಎಚ್ ಕಳೆಗುಂದಿತು. ಆದರೂ ಜನ ಬಂದರು, ಚಿತ್ರಕಾರರ ಮೇಜುಗಳ ಮುಂದೆ ನಿಂತರು.

ಕೊನೆಯ ಆಯ್ಕೆ ಭಾನುವಾರ ಬೆಳಗಿನ ಜಾಕ್ ಕರ್ಬಿ ಸ್ಮರಣೆಯ ಗೋಷ್ಠಿ. ಇದನ್ನೂ ನಡೆಸುತ್ತ ಬಂದವರು, ಯೌವನದಲ್ಲಿ ಕರ್ಬಿಯವರ ಸಹಾಯಕರಾಗಿದ್ದ ಇವೇನಿಯರ್. ಕ್ಯಾಪ್ಟನ್ ಅಮೆರಿಕವನ್ನು ಜೋ ಸೈಮನ್ ಜೊತೆಗೆ, ಫೆಂಟಾಸ್ಟಿಕ್ ಫೋರ್ ಅನ್ನು ಸ್ಟಾನ್ ಲೀ ಜೊತೆಗೆ ಸೃಷ್ಟಿಸಿದ ಕರ್ಬಿ, ತಮ್ಮದೇ ಮೂಲ ಚಿತ್ರಗಳನ್ನು ಮರಳಿ ಪಡೆಯಲು 1980ರ ದಶಕದಲ್ಲಿ ಮಾರ್ವೆಲ್ ಜೊತೆ ವರ್ಷಗಟ್ಟಲೆ ಹೋರಾಡಬೇಕಾಯಿತು. 1987ರಲ್ಲಿ ಕೈಗೆ ಬಂದದ್ದು ಅವುಗಳ ಒಂದು ಭಾಗ ಮಾತ್ರ. ಅವರು 1994ರಲ್ಲಿ ತೀರಿಕೊಂಡರು. ಕುಟುಂಬದವರಿಗೂ ಮಾರ್ವೆಲ್‌ಗೂ ನಡುವಿನ ವ್ಯಾಜ್ಯ ರಾಜಿಯಲ್ಲಿ ಬಗೆಹರಿದದ್ದು 2014ರಲ್ಲಿ. ಆ ಗೋಷ್ಠಿಯಲ್ಲಿ ಕೂರುವವರು ಕರ್ಬಿಯವರನ್ನು ಕಂಡವರು, ಅವರ ಜೊತೆ ಕೆಲಸ ಮಾಡಿದವರು, ಅವರಿಂದ ಕಲಿತವರು. ಆ ತಲೆಮಾರು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ನನಗೆ ಅವಕಾಶ ಸಿಕ್ಕರೆ ಕೇಳುವ ಪ್ರಶ್ನೆ ಸಿದ್ಧವಾಗಿದೆ: ಕರ್ಬಿಯವರು ತಮ್ಮ ಸೀಸದ ಗೆರೆಯ ಪುಟಗಳ ಅಂಚಿನಲ್ಲಿ ಕಥೆಯ ಬಗ್ಗೆ ಬರೆದಿಡುತ್ತಿದ್ದ ಟಿಪ್ಪಣಿಗಳಲ್ಲಿ ಎಷ್ಟು ಅಚ್ಚಾದ ಮಾತಿನೊಳಗೆ ಉಳಿದಿದೆ, ಎಷ್ಟು ದಾರಿಯಲ್ಲಿ ಬದಲಾಗಿದೆ? ಈ ಸಲ ಸಮ್ಮೇಳನಕ್ಕೆ ಹೋಗುವ ಕನ್ನಡಿಗರು ಯಾರಾದರೂ ಇದ್ದರೆ, ಆ ಭಾನುವಾರ ಬೆಳಿಗ್ಗೆ ಹಾಲ್ ಎಚ್‌ನ ಸಾಲನ್ನು ಬಿಟ್ಟು ಆ ಕೋಣೆಗೆ ಹೋಗಿ, ನನ್ನ ಪರವಾಗಿ ಇದನ್ನು ಕೇಳಿ, ಬಂದ ಉತ್ತರವನ್ನು ಬರೆದುಕೊಂಡು ಬನ್ನಿ.